ಅಳತೆಗೆ ಒಬ್ಬ ಮನುಷ್ಯ

ಪಟ್ಟಿಯಲ್ಲಿ ಒಂಬತ್ತು ಪಾಳು ಕಟ್ಟಡ.
ಒಂದೊಂದಕ್ಕೆ ನಾಲ್ಕು ಮಗ್ಗುಲು, ಒಳಗಿನದೊಂದು,
ಆಮೇಲೆ ಎದುರಿನಿಂದ ಮತ್ತೊಂದು,
ಅದರಲ್ಲಿ ಅಳತೆಗೆ ಒಬ್ಬ ಮನುಷ್ಯ ನಿಂತಿರಬೇಕು.
ಕ್ಯಾಮೆರಾ ನಡೆಯದು, ಫೋನೇ ಬೇಕು:
ಅಕ್ಷಾಂಶ ರೇಖಾಂಶ ಮೂಲೆಯಲ್ಲಿ ಬೀಳಬೇಕು.
ಕಟ್ಟಡಕ್ಕೆ ಇನ್ನೂರು ರೂಪಾಯಿ, ಪೆಟ್ರೋಲು ನನ್ನದೇ.

ಆಳಂದ ದಾಟಿ ಸರಹದ್ದಿನ ಕಡೆ ಹೊರಳಿದರೆ
ತೊಗರಿ ಕೊಯ್ದ ಹೊಲ, ಕಾಲಿಗೆ ಚುಚ್ಚುವ ಕೂಳೆ,
ಸ್ಕೂಟಿಯ ಸ್ಟ್ಯಾಂಡನ್ನೇ ನುಂಗುವ ಎರೆಯ ಬಿರುಕು.
ಮದುವೆಗಳಲ್ಲಿ ನಾನು ಹೇಳುವುದು ಎರಡೇ ಮಾತು:
ಸ್ವಲ್ಪ ಹತ್ರ ಬರ್ರಿ, ಸ್ವಲ್ಪ ನಗ್ರಿ.
ಗೋಡೆಗೆ ಏನು ಹೇಳಲಿ?

ಮೊದಲನೆಯದು ದನದ ದವಾಖಾನೆ.
ಸೂರಿಲ್ಲ. ಕಬ್ಬಿಣದ ಕಂಬಿಗಳು ಮಾತ್ರ
ಯಾವುದೋ ಎತ್ತು ಇನ್ನೂ ಒದರಾಡುತ್ತಿದ್ದ ಹಾಗೆ ಬಾಗಿವೆ.
ಆಡು ಮೇಯಿಸುತ್ತಿದ್ದವನನ್ನು ಕರೆದೆ.
"ಮುತ್ಯಾ, ಇಲ್ಲಿ ಒಂಚೂರು ನಿಂದರ್ತೀರೇನು?"
"ನಿಂತ್ರ ಏನ್ ಕೊಡ್ತಿ?"
"ಚಾ."
"ನಿಂದರ್ತೀನಿ ತಗೋ."
ಹೆಸರು ಮೌಲಪ್ಪ. ಎತ್ತರ ಕೇಳಿದೆ, ಕಾಗದದಲ್ಲಿ ತುಂಬಬೇಕು.
"ನಮ್ಮನಿ ಬಾಗಲಕ್ಕ ತಲಿ ಬಡೀತದ, ಅಷ್ಟ ಬರಿ."

ಆಡುಗಳನ್ನು ಮೊಮ್ಮಗಳಿಗೆ ಒಪ್ಪಿಸಿ ಸ್ಕೂಟಿಯ ಹಿಂದೆ ಕೂತ.
ಬೀಜದ ಗೋದಾಮು.
ನೀರೇ ಏರದ ನೀರಿನ ಟಾಕಿ,
ಉದ್ಘಾಟನೆಯ ಕಲ್ಲಿನ ಮೇಲೆ ಕಣಜದ ಗೂಡು.
ಹತ್ತಿ ಜಿನ್ನಿನ ಚಿಮಣಿ: ಅದರ ಬುಡದಲ್ಲಿ ಮೌಲಪ್ಪ
ಉದುರಿಬಿದ್ದ ಒಂದು ಇಟ್ಟಿಗೆಯಷ್ಟು.
ಪ್ರತಿ ಸಲ ಪಟಗ ಬಿಚ್ಚಿ ಹೊಸದಾಗಿ ಸುತ್ತಿದ.
ಪ್ರತಿ ಸಲ ಉಸಿರು ಬಿಗಿಹಿಡಿದ,
ಆಧಾರ್ ಕಾರ್ಡಿಗೆ ಕೂತವರ ಹಾಗೆ.

ಒಂಬತ್ತನೆಯದು ಕರೋಡಗಿರಿ ನಾಕಾ.
ಈ ಕಡೆ ಮೊಗಲಾಯಿ, ಆ ಕಡೆ ಇಂಗ್ರೇಜಿ,
ನಡುವೆ ಎರಡು ಕೋಣೆ, ಒಂದು ಕಮಾನು,
ತಕ್ಕಡಿ ತೂಗುಹಾಕುತ್ತಿದ್ದ ಕೊಂಡಿ.
ಗಡಿ ಅಳಿಸಿಹೋಗಿ ನನ್ನ ಅವ್ವನ ವಯಸ್ಸಿಗಿಂತ ಹೆಚ್ಚಾಯಿತು.
ಇನ್ನು ಕಾಯಬೇಡ ಅಂತ
ಕಟ್ಟಡಕ್ಕೆ ಯಾರೂ ಹೇಳಿದ ಹಾಗಿಲ್ಲ.

ಮೌಲಪ್ಪ ರಸ್ತೆಯಲ್ಲೇ ನಿಂತ.
"ಇಲ್ಲಿ ಮಾತ್ರ ಒಲ್ಲೆ ಯವ್ವಾ."
ಚಾ ಎಂದೆ. ಎರಡು ಚಾ ಎಂದೆ.
"ನಮ್ಮ ಮುತ್ಯಾ ಇಲ್ಲೇ ನಿಂತಿದ್ದ,
ತಲಿ ಮ್ಯಾಲ ನಾಕು ಸೀರಿ ಗಂಟು.
ಸಂಜಿತನಕ ನಿಂದರಿಸಿದ್ರು.
ಬರಿಲಾಕ ಬರ್ತಿರಲಿಲ್ಲ, ಹೆಬ್ಬಟ್ಟು ಒತ್ತಿಸಿಗೊಂಡ್ರು,
ಗಂಟೂ ಇಟಗೊಂಡ್ರು.
ಮನಿಗಿ ಬಂದು ಬಟ್ಟು ಬೂದ್ಯಾಗ ತಿಕ್ಕದ, ತಿಕ್ಕದ..."
ಮುಂದೆ ಹೇಳಲಿಲ್ಲ.
ಆಡುಗಳು ಹತ್ತಿರ ಇಲ್ಲದಿದ್ದರೂ
ಆಡು ಕರೆಯುವ ಸಪ್ಪಳ ಮಾಡಿದ ಬಾಯಲ್ಲಿ.

ಮನುಷ್ಯನಿಲ್ಲದ ಪಟ ಕಳಿಸಿದೆ.
ನಾಲ್ಕನೆಯ ದಿನ ವಾಪಸ್ಸು ಬಂತು:
ಅಳತೆಗೆ ವ್ಯಕ್ತಿ ಇರುವುದಿಲ್ಲ, ಪುನಃ ತೆಗೆಯುವುದು.

ಪುನಃ ಹೋದೆ.
ನಾನೇ ನಿಲ್ಲುತ್ತೇನೆ, ನೀವು ಒತ್ತಿರಿ ಎಂದು
ಮೌಲಪ್ಪನ ಕೈಗೆ ಫೋನು ಕೊಟ್ಟೆ.
ತುಂಬಿದ ಹಾಲಿನ ಬಟ್ಟಲು ಹಿಡಿದ ಹಾಗೆ ಹಿಡಿದ.
ಕಮಾನಿನ ಕೆಳಗೆ ನಿಂತು ನೋಡಿದೆ:
ರಸ್ತೆಯಲ್ಲಿ ಅವನೊಬ್ಬನೇ, ಹಿಂದೆ ಬಯಲು.
ಇಲ್ಲಿ ನಿಂತು ನೋಡಿದರೆ
ಬರುವವರೆಲ್ಲ ಏನೋ ಬಚ್ಚಿಟ್ಟುಕೊಂಡ ಹಾಗೇ ಕಾಣುತ್ತಾರೆ.
ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಬಂತು.
"ಸ್ವಲ್ಪ ನಗು," ಅಂದ ಮೌಲಪ್ಪ.

ರಾತ್ರಿ ಒಂದೊಂದೇ ತೆರೆದು ನೋಡಿದೆ.
ಹದಿಮೂರು ಸಲ ಒತ್ತಿದ್ದಾನೆ.
ಹನ್ನೆರಡರಲ್ಲಿ ಆಕಾಶ, ನನ್ನ ಚಪ್ಪಲಿ, ಒಂದು ಕಾಗೆ.
ಒಂದರಲ್ಲಿ ನಾನಿದ್ದೇನೆ, ಅರ್ಧ:
ಒಂದು ಭುಜ, ನಗುತ್ತಿರುವ ಒಂದು ಕಡೆಯ ಬಾಯಿ.
ಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ತಾರೀಖು.
ನಾಕಾ ಇಲ್ಲ.
ಕಮಾನು, ಕೋಣೆ, ಕೊಂಡಿ ಇದ್ದಲ್ಲೆಲ್ಲ
ಅವನ ಹೆಬ್ಬೆಟ್ಟು,
ಗೆರೆ ಕಾಣದಷ್ಟು ಹತ್ತಿರ,
ಬಿಸಿಲು ತೂರಿ ಕೆಂಪಗೆ.

ಇನ್ನೂ ಕಳಿಸಿಲ್ಲ.
ಒಂದು ಕಟ್ಟಡದ ಇನ್ನೂರು ಬರುವುದು ಬಾಕಿ.