ನೀಲಿ ಹೆಬ್ಬೆಟ್ಟು

ಕೌಲ್‌ಬಜಾರಿನ ನನ್ನ ಡಬ್ಬಿ ಅಂಗಡಿಗೆ
ಯಾವ ಫೋನು ಬಂದರೂ ಯಾರದೆಂದು ಕೇಳಬೇಕಿಲ್ಲ.
ಗಾಜು ಓರೆ ಮಾಡಿ ಟ್ಯೂಬಿನ ಬೆಳಕಿಗೆ ಹಿಡಿದರೆ ಸಾಕು:
ಮೆಣಸಿನಕಾಯಿ ಹಮಾಲರದು, ಒರೆಸಿದ ಬಟ್ಟೆಗೂ ಸೀನು;
ಅದಿರು ಲಾರಿಯವರದು, ಸ್ಪೀಕರಿನ ತೂತಿನಲ್ಲಿ ಕೆಂಪು ಮಣ್ಣು;
ಜೀನ್ಸ್ ಕೆಲಸದವರದು
ಬಲಗಡೆ, ಕೆಳಗಿನ ಮೂಲೆಯಲ್ಲಿ
ಒಂದೇ ಒಂದು ನೀಲಿ ಹೆಬ್ಬೆಟ್ಟು.

ಅಲ್ಲಿ ಮೈಕಿನ ಚಿತ್ರ ಇರುತ್ತದೆ.
ಒತ್ತಿ ಹಿಡಿದಷ್ಟು ಹೊತ್ತು ಮಾತು.
ಬಿಟ್ಟರೆ ಹೋಯಿತು.

ತಂಗಿಯ ಮಗಳು ಶ್ರಾವಣಿ, ಬಿಸಿಎ ಎರಡನೇ ವರ್ಷ,
ಸ್ಟೂಲಿನ ಮೇಲೆ ಕೂತು ಸೆಮಿನಾರಿಗೆ ಬರೆಯುತ್ತಿದ್ದಳು:
ಕಳೆದ ದಶಕದ ಅತ್ಯಂತ ಪ್ರಭಾವಿ ತಂತ್ರಾಂಶ ಯಾವುದು?
"ಮಾವ, ಒಂದು ಹೆಸರು ಹೇಳು."
ತುಟಿ ನಡುವೆ ಸ್ಕ್ರೂ ಕಚ್ಚಿಕೊಂಡಿದ್ದೆ.

ಆಗ ಬಂದಳು ಕಾಸಿಂಬಿ,
ತಲೆ ಮೇಲೆ, ಹೆಗಲ ಮೇಲೆ, ಹುಬ್ಬಿನ ಮೇಲೂ ದಾರದ ಚೂರು.
ಹೊಲಿದ ಪ್ಯಾಂಟಿನ ಎಳೆ ಕತ್ತರಿಸುವ ಕೆಲಸ,
ಪೀಸಿಗೆ ಅರವತ್ತು ಪೈಸೆ.
ಬರೆದಿಡಲು ಬರುವುದಿಲ್ಲ. ಅದಕ್ಕೇ
ಮೇಸ್ತ್ರಿ ಗಾದಿಲಿಂಗ ದಿನಾ ಸಂಜೆ ವಾಟ್ಸಾಪಿನಲ್ಲಿ
ಲೆಕ್ಕವನ್ನು ಬಾಯಲ್ಲೇ ಹೇಳಿ ಕಳಿಸಬೇಕು.
ಅದು ಅವಳೇ ಮಾಡಿದ ಕಾನೂನು.

"ನೋಡಪ ತಿಪ್ಪೇಶಿ, ಏನಾಗೈತಿ ಇದಕ್ಕ,
ಶುಕ್ರವಾರದ್ದು ಬಾಯಿ ಬಿಡವಲ್ದು."

ಶುಕ್ರವಾರದ ಜಾಗದಲ್ಲಿ
ಒಂದು ಸೊನ್ನೆ, ಸೊನ್ನೆಗೊಂದು ಅಡ್ಡಗೀಟು,
ಪಕ್ಕಕ್ಕೆ ಓರೆ ಅಕ್ಷರ. ಓದಿ ಹೇಳಿದೆ:
ಈ ಸಂದೇಶವನ್ನು ಅಳಿಸಲಾಗಿದೆ.

ಎಲೆಅಡಿಕೆ ಹಲ್ಲು ಕಾಣುವಂತೆ ನಕ್ಕಳು.
"ಕದ್ದೋನು, ಕದ್ದೀನಿ ಅಂತ ಚೀಟಿ ಇಟ್ಟು ಹೋಗ್ಯಾನೇನು!"

ಅವನಲ್ಲಕ್ಕ, ಇದನ್ನು ಮಾಡಿದವರು ಇಟ್ಟದ್ದು, ಅಂದೆ.
ಯಾರವರು, ಅಂದಳು.
ನನಗೇನು ಗೊತ್ತು.
ನಮ್ಮ ಬಿಸಿಲು ಕಾಣದ ಯಾವನೋ ಎಲ್ಲೋ ಕೂತು
ಒಂದು ಸಾಲು ಬರೆದ.
ಅದೇ ಗಾದಿಲಿಂಗನಿಗೆ ಹಿಂಬಾಗಿಲು,
ಅದೇ ಹೊಸ್ತಿಲ ಮೇಲಿನ ಕೆಸರುಗಾಲು.

ನಮ್ಮವ್ವ ಸೊಸೈಟಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ
ಮಸಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಿದ್ದಳು.
ಕಾಗದದಲ್ಲಿ ಏನಿತ್ತು ಅಂತ
ಸಾಯುವವರೆಗೂ ಕೇಳಲಿಲ್ಲ, ಕೇಳಿದ್ದರೂ
ಕಾಗದ ಬಾಯಿ ಬಿಡುತ್ತಿರಲಿಲ್ಲ.

"ಆದೋನಿ ತಂಗಿಗೆ ಕಳಿಸಿದ್ದೆ, ಅವತ್ತೇ.
ಸೊಕ್ಕಿಗೆ. ನೋಡೇ, ಒಂದು ದಿನಕ್ಕ ಎಷ್ಟು ಅಂತ."

ತಂಗಿ ಹುರಿಗಡಲೆ ಹುರಿಯುತ್ತಿದ್ದಳಂತೆ. ಕಾದೆವು.
ಆಮೇಲೆ ನನ್ನ ಡಬ್ಬಿ ತುಂಬ ಗಾದಿಲಿಂಗನ ದನಿ,
ಹಿಂದೆ ಮೆಷಿನ್ನುಗಳ ಗರಗರ, ಯಾರದೋ ಕೆಮ್ಮು:
"ನಾನೂರ ಹದಿನೆಂಟು ಪೀಸು, ಕಾಸಿಂಬಿ. ಆಯ್ತಾ?"
ಬಟವಾಡೆಯಲ್ಲಿ ಹಿಡಿದದ್ದು ಮುನ್ನೂರು.

ಶ್ರಾವಣಿ ಸೆಮಿನಾರಿನ ಹಾಳೆಯ ಅಂಚಿನಲ್ಲಿ ಗುಣಿಸಿದಳು.
ಎಪ್ಪತ್ತು ರೂಪಾಯಿ ಎಂಬತ್ತು ಪೈಸೆ.

ಕಾಸಿಂಬಿ ಒಂದು ಮಾತೂ ಸೇರಿಸಲಿಲ್ಲ,
ಅವನ ದನಿಯನ್ನು ಅವನಿಗೇ ಕಳಿಸಿದಳು.
ಎರಡು ಗೀಟು ಬಿತ್ತು. ಬೂದು.
ನೋಡಿದೆವು. ಬೂದು.
"ಅದು ನೀಲಿ ಆಗೋತನ ಕುಂತ್ರ
ನನ್ನ ಕೈನ ನೀಲಿ ಹೋಗ್ತದ," ಎಂದು ಎದ್ದಳು,
ರಾತ್ರಿ ಪಾಳಿಗೆ ತಡವಾಗಿತ್ತು.

ಸ್ಪಿರಿಟ್ ಹಾಕಿ ಗಾಜು ಒರೆಸಿ ಕೊಡುವುದು ನನ್ನ ರೂಢಿ.
ಬೇಡ ಅಂದಳು, ಹಾಗೇ ತಗೊಂಡು ಹೋದಳು.

ಶ್ರಾವಣಿ ಹಾಳೆ ಝಾಡಿಸಿದಳು, ಅದರ ಮೇಲೂ ದಾರದ ಚೂರು.
"ಮಾವ, ನೀನು ಹೆಸರು ಹೇಳಲೇ ಇಲ್ಲ."
ಯಾರದು, ಅಂದೆ.