ಸಪೂರ

ಸೆವ್ರಿನ್ ಬಾಯಿಯ ಹೊಲಿಗೆ ಡಬ್ಬಿಯಿಂದ
ಹನ್ನೆರಡು ಸೂಜಿ ಕಡ ತಂದೆ.
ಅಂಗಿಗೆ ಗುಂಡಿ ಹಾಕಲಿಕ್ಕೆ ಬಾರದವಳಿಗೆ
ಇಷ್ಟೊಂದು ಯಾಕೆ ಮಾರಾಯ್ತಿ, ಅಂದರು.
ಮುಳುಗಿಸಲಿಕ್ಕೆ, ಅಂದೆ.

ಸುರತ್ಕಲ್ಲಿನ ಪ್ರಯೋಗಶಾಲೆಯಲ್ಲಿ
ಮೊಣಕಾಲೆತ್ತರದ ಗಾಜಿನ ತೊಟ್ಟಿ, ತುಂಬ ಗ್ಲಿಸರಿನ್.
ಗಾಜಿಗೆ ಎರಡು ಕೆಂಪು ಗೆರೆ, ನಡುವೆ ಒಂದು ಗೇಣು.
ಮೇಲಿನ ಗೆರೆಗೆ ನನ್ನ ಕಣ್ಣು,
ಕೆಳಗಿನದಕ್ಕೆ ದೂಮಪ್ಪ ಸಾಲ್ಯಾನರದು.
ಹದಿನೆಂಟು ವರ್ಷ ಬೋಟಿನಲ್ಲಿದ್ದು
ಬೆನ್ನು ಸೋತ ಮೇಲೆ ಅಟೆಂಡರ್ ಆದವರು.

ಪುಸ್ತಕದ ಮಾತು ಸರಳ:
ಸಪೂರ ವಸ್ತು ನಿಂತು ಇಳಿದರೆ
ಮಲಗಿ ಇಳಿಯುವುದರ ಎರಡು ಪಟ್ಟು ವೇಗ.
ಎರಡು. ಚಿಲ್ಲರೆ ಇಲ್ಲ.
ದ್ರವಕ್ಕೆ ಗೋಡೆ ಇರಬಾರದು, ಅಷ್ಟೇ.
ಗೋಡೆ ಇಲ್ಲದ್ದು ಎಲ್ಲುಂಟು, ದೂಮಪ್ಪ ಕೇಳಿದರು,
ಅರಬ್ಬಿ ಕಡಲಿಗೂ ಆಚೆ ಒಂದು ದಡ ಉಂಟಲ್ಲ.

ಸೋಮವಾರ ನಿಲ್ಲಿಸಿ ಬಿಟ್ಟೆವು: ಹದಿಮೂರು ಸೆಕೆಂಡು.
ಗುರುವಾರ ಮಲಗಿಸಿ: ಹದಿನೇಳು.
ಭಾಗಿಸಿದರೆ ಒಂದೂಕಾಲು, ಮೇಲೆ ಒಂದಿಷ್ಟು ಹುಡಿ.
ಪಡಿಯಾರ್ ಸರ್ ಕನ್ನಡಕ ಒರೆಸಿದರು.
ಅವರು ಬೈಯುವುದೇ ಹಾಗೆ.

ದೂಮಪ್ಪ ತೊಟ್ಟಿಗೆ ಬೆರಳದ್ದಿ
ಹೆಬ್ಬೆರಳಿಗೆ ತಿಕ್ಕಿ ತಿಕ್ಕಿ ನೋಡಿ
ಇದು ಸೋಮವಾರದ್ದಲ್ಲ, ಅಂದರು.
ಹೌದು. ಗ್ಲಿಸರಿನ್ ಗಾಳಿಯಿಂದ ನೀರು ಕುಡಿಯುತ್ತದೆ.
ಮುಚ್ಚಳ ಮರೆತ ಮೂರು ರಾತ್ರಿ
ಕಿಟಕಿಯಿಂದ ಕಡಲು ಬಂದು
ಸದ್ದಿಲ್ಲದೆ ಬೆರೆತು ಹೋಗಿತ್ತು.

ಹೊಸ ಗ್ಲಿಸರಿನ್. ಮುಚ್ಚಳ. ಒಂದೇ ದಿನ,
ಒಮ್ಮೆ ನಿಲ್ಲಿಸಿ ಒಮ್ಮೆ ಮಲಗಿಸಿ,
ಕೊಂಕಣ ರೈಲು ಹೋಗುವಾಗ ತಡೆದು, ಗಾಜು ನಡುಗುವುದು ನಿಂತ ಮೇಲೆ ಮತ್ತೆ.
ಹದಿಮೂರು. ಇಪ್ಪತ್ತೂವರೆ.
ಒಂದೂವರೆಗಿಂತ ಮೇಲೆ, ಒಂದೂಮುಕ್ಕಾಲಿಗಿಂತ ಕೆಳಗೆ.

ಆ ರಾತ್ರಿ ಸೂತ್ರವನ್ನು ಪುನಃ ಬಿಡಿಸಿದೆ.
ಎರಡು ಎಂಬುದು ಕೊನೆಯಿಲ್ಲದ ಸಪೂರಕ್ಕೆ;
ಸೂಜಿಯದು ಬರೀ ಐವತ್ತೇಳು ಪಟ್ಟು.
ಇದೇ ದಪ್ಪದಲ್ಲಿ ಒಂದು ಬಿಂದು ಒಂಬತ್ತು ಬೇಕಾದರೆ
ಸೂಜಿಯ ಮೊನೆ ಸುರತ್ಕಲ್ಲಿನಲ್ಲಿ,
ಕಣ್ಣು ಮಡಗಾಂವ್ ದಾಟಿ ಎಲ್ಲೋ.
ಒಬ್ಬಳೇ ನಕ್ಕೆ.
ಐವತ್ತೇಳನ್ನು ಹಾಕಿ ನೋಡಿದರೆ ಬಂದದ್ದು
ನಮ್ಮ ತೊಟ್ಟಿಯ ಲೆಕ್ಕವೇ, ಕೂದಲೆಳೆ ಅಂತರ.

ಉಳಿದದ್ದು ಓರೆ.
ಓರೆಯಾಗಿ ಬಿಟ್ಟ ಸೂಜಿ ನೆಟ್ಟಗಾಗಬಾರದು,
ಬಿಟ್ಟ ಓರೆಯಲ್ಲೇ ಬದಿಗೆ ಜಾರುತ್ತ ಇಳಿಯಬೇಕು.
ನಮ್ಮದು ಪ್ರತಿ ಸಲ ಎದ್ದು ನಿಲ್ಲುತ್ತಿತ್ತು,
ಮಾಸ್ತರರು ಬಂದ ಹಾಗೆ.
ಎರಡು ದಿನ ಸಿದ್ಧಾಂತವನ್ನು ಬೈದೆ.
ಮೂರನೆಯ ದಿನ ಟಾರ್ಚು ಹಿಡಿದು ದೂಮಪ್ಪ,
ಬನ್ನಿ ಇಲ್ಲಿ, ಅಂದರು:
ಸೂಜಿಯ ಕಣ್ಣಿನೊಳಗೆ
ಸಾಸಿವೆಗಿಂತ ಚಿಕ್ಕ ಒಂದು ಗುಳ್ಳೆ
ತಲೆ ಮೇಲೆತ್ತಿ ಹಿಡಿದಿತ್ತು.

ಸಮೀಕರಣದ ಸೂಜಿಗೆ ಕಣ್ಣಿಲ್ಲ.
ಇಕ್ಕಳದಲ್ಲಿ ಕತ್ತರಿಸಿದೆವು, ಹನ್ನೆರಡನ್ನೂ;
ಮೊನೆಯನ್ನೂ ಉಜ್ಜಿ ಮೊಂಡು ಮಾಡಿದೆವು.
ಆಮೇಲೆ ಇಳಿದವು ನೋಡಿ,
ಬಿಟ್ಟ ಓರೆ ಬಿಟ್ಟ ಹಾಗೆ,
ಗೆರೆಯಿಂದ ಗೆರೆಗೆ, ಅವಸರವಿಲ್ಲ,
ಗಾಳಿಗೆ ಬದಿಗೆ ಹೋಗುವ ಎಂಜಿನ್ ಕೆಟ್ಟ ಬೋಟಿನಂತೆ.
ಗಡಿಯಾರ ಒತ್ತುವುದನ್ನೇ ಮರೆತರು ದೂಮಪ್ಪ.
ಇನ್ನೊಮ್ಮೆ ಬಿಡಿ, ಅಂದರು.
ಲೆಕ್ಕಕ್ಕಲ್ಲ, ಸುಮ್ಮನೆ.

ಶನಿವಾರ ಅಯಸ್ಕಾಂತದಲ್ಲಿ ಎತ್ತಿ, ಸೋಪು ಹಾಕಿ ತೊಳೆದು
ಸೂಜಿಗಳನ್ನು ಡಬ್ಬಿಗೆ ಹಾಕಿ ಕೊಟ್ಟೆ.
ಹೇಳಬೇಕು ಅನ್ನುವಷ್ಟರಲ್ಲಿ
ಸೆವ್ರಿನ್ ಬಾಯಿ ಒಂದನ್ನು ಬೆಳಕಿಗೆ ಹಿಡಿದು
ನೂಲಿನ ತುದಿ ಬಾಯಲ್ಲಿ ಒದ್ದೆ ಮಾಡಿ
ತೂರಿಸಿದರು, ಮತ್ತೆ ತೂರಿಸಿದರು,
ಕೈ ದೂರ ಮಾಡಿ ಹತ್ತಿರ ಮಾಡಿ.
ಕನ್ನಡಕ ಬದಲಿಸಬೇಕು ಮಗಾ, ಅಂದರು,
ನನಗೆ ಕಾಣುವುದೇ ಇಲ್ಲ ಈಗ.