ಐಸ್ ಫ್ಯಾಕ್ಟರಿಯ ಶ್ರುತಿ

ಬೈತಖೋಲದ ಐಸ್ ಫ್ಯಾಕ್ಟರಿಯ ಮಾಳಿಗೆ
ತಿಂಗಳಿಗೆ ಎಂಟುನೂರಕ್ಕೆ ಕೊಟ್ಟದ್ದು ನಾನೇ.
ಇನಾಸನ ಸ್ಯಾಕ್ಸೊಫೋನು, ಅವನಪ್ಪ
ಕೋಡಿಬಾಗದ ಮದುವೆ ಬ್ಯಾಂಡಿನಲ್ಲಿ ಊದಿ ಊದಿ
ಹಿತ್ತಾಳೆ ಹಸಿರುಗಟ್ಟಿದ್ದು.
ರುಕ್ಮಾಂಗದ ತಾಂಡೇಲನ ಡ್ರಮ್ಮು.
ಹಾಡುವುದಕ್ಕೆ ಮಾಜಾಳಿಯ ಶೇವಂತಿ.

ಹಳೆಯ ಸಿನಿಮಾ ಹಾಡೊಂದನ್ನು
ಕೀಲು ಕೀಲು ಬಿಚ್ಚಿ, ಏಳು ಮಾತ್ರೆಗೆ ಕೂರಿಸಿ
ಅರವತ್ತು ಸಲ ಬಾರಿಸಿದರು ಒಂದೇ ರಾತ್ರಿ.
ಜಾಝ್ ಅಂದರು ಇದಕ್ಕೆ.
ಐಸು ತುಂಬುವ ಹುಡುಗರ ಕೈಯೂ ಕೊನೆಗೆ
ಏಳಕ್ಕೊಮ್ಮೆ ನಿಲ್ಲತೊಡಗಿತು;
ಎಂಟನೆಯ ಬುಟ್ಟಿಗೆ ಕಾದ ಲಾರಿಯವ ಬೈದ.

ಫೋನಿನಿಂದಲೇ ಹಾಕಿದರಂತೆ. ಟ್ರಾಲರ್‌ಗಳು
ಒಂದು ಸಲ ಹೋಗಿ ಬರುವುದರೊಳಗೆ ಹತ್ತು ಲಕ್ಷ ಜನ.
ಪೋಲೆಂಡಿನವನೊಬ್ಬ ಕೇಳಿದನಂತೆ:
ಹಾಡಿನಡಿ ಸದಾ ಗುಂಯ್‌ಗುಡುವುದು
ಯಾವ ದೇಶದ ವಾದ್ಯ?
ಇನಾಸ ನಕ್ಕು ನನ್ನ ಕಡೆ ನೋಡಿದ.
ನಾನು ಕಂಪ್ರೆಸರಿಗೆ ಎಣ್ಣೆ ಬಿಡುತ್ತಿದ್ದೆ.

ಈಗ ಪಣಜಿಯಲ್ಲಿ ಗಾಜಿನ ಕೋಣೆ ಅವರಿಗೆ.
ಹೋಗುವಾಗ ಯಂತ್ರದ ಸದ್ದನ್ನು
ಪೆನ್‌ಡ್ರೈವಿನಲ್ಲಿ ತುಂಬಿಕೊಂಡರು,
ಮೂರು ತಿಂಗಳ ಬಾಡಿಗೆ ಬಾಕಿ ಬಿಟ್ಟು.

ಶೇವಂತಿ ಮಾತ್ರ, ಕರೆಂಟು ಹೋದ ಒಂದು ಸಂಜೆ
ಮೆಟ್ಟಿಲ ಮೇಲೆ ಕೂತು
ಎಲ್ಲೂ ಕೇಳಿರದ್ದೊಂದನ್ನು ಗುನುಗಿದ್ದಳು.
ಯಾವ ಸಿನಿಮಾದ್ದು, ಎಂದೆ.
ಇನ್ನೂ ಮುಗಿದಿಲ್ಲ, ಎಂದಳು.
ಕೆಳಗೆ ಐಸು ಕರಗುತ್ತಿತ್ತು.
ಜನರೇಟರ್ ಹಾಕಲು
ನಾನು ಏಳಲಿಲ್ಲ.